ಎಫ್‌2, ಎಫ್‌3, ಎಫ್‌4: ಯಾವುದು ಮೇಲೆ, ಯಾವುದು ಕೆಳಗೆ?

ಓದುಗರ ಪ್ರಶ್ನೆ, ನಮ್ಮ ಉತ್ತರ: ಮೋಟಾರ್ ರೇಸಿಂಗ್

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ ಸುತ್ತ ಇವೆ. ಕಾರ್ ರೇಸಿಂಗಿನ ಅತಿ ಎತ್ತರದ ಸರಣಿ ಎಫ್‌1 (ಫಾರ್ಮುಲಾ ಒನ್) ತಲುಪುವ ಮೊದಲು ಹುಡುಗರು ಓಡಿಸುವ ಚಿಕ್ಕ ಸರಣಿಗಳಲ್ಲಿ ಯಾವುದಕ್ಕೆ ಎಷ್ಟು ಬೆಲೆ? ಹಾಗಾಗಿ ಉಳಿದ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇವನ್ನಷ್ಟೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಸರ್, ಎಫ್‌4, ರೀಜನಲ್, ಎಫ್‌3, ಎಫ್‌2, ಜಪಾನಿನ ಸೂಪರ್ ಫಾರ್ಮುಲಾ, ಬ್ರಿಟನ್ನಿನ ಜಿಬಿ3, ಅಮೆರಿಕದ ಇಂಡಿ ನೆಕ್ಸ್ಟ್... ಹೆಸರು ಕೇಳಿಯೇ ತಲೆ ತಿರುಗುತ್ತದೆ. ಒಂದು ಸಾಲಿನಲ್ಲಿ ನಿಲ್ಲಿಸಿ ಕೊಡಿ. – ಡಿಗ್ರಿ ವಿದ್ಯಾರ್ಥಿ, ಹಾಸನ

ಕೊಡುತ್ತೇನೆ, ಆದರೆ ನೀವು ಕೇಳಿದ ಸಾಲು ಒಂದಲ್ಲ, ಎರಡು. ಕಾರಿನ ತಾಕತ್ತಿನ ಸಾಲು ಒಂದು, ಹುಡುಗನನ್ನು ಜರಡಿ ಹಿಡಿಯುವ ಸಾಲು ಇನ್ನೊಂದು. ಎರಡನ್ನೂ ಕಲಸಿದರೆ ಗೊಂದಲವಾಗುತ್ತದೆ. ಟಿವಿ ಮುಂದೆ ಕೂತು ಜಗಳ ಆಡುವವರು ಮಾಡುವುದು ಅದನ್ನೇ.

ಕಾರಿನ ಲೆಕ್ಕ ಸುಲಭ. ಎಫ್‌4 ಕಾರಿಗೆ ಸುಮಾರು 160ರಿಂದ 180 ಹಾರ್ಸ್ ಪವರ್. ಫಾರ್ಮುಲಾ ರೀಜನಲ್‌ಗೆ 270. ಎಫ್‌3ಗೆ 380, ಎಫ್‌2ಗೆ 620. ಆಮೇಲೆ ಎಫ್‌1, ಅಲ್ಲಿ ಸುಮಾರು ಸಾವಿರ. ಹೆಜ್ಜೆ ಹೆಜ್ಜೆಗೂ ತಾಕತ್ತು ಏರುತ್ತದೆ, ಕಾಗದದ ಮೇಲೆ ನೋಡಲು ಚೆಂದ. ಒಂದು ಸರಣಿಯೊಳಗೆ ಎಲ್ಲರಿಗೂ ಒಂದೇ ಕಾರು, ಒಂದೇ ಎಂಜಿನ್, ಒಂದೇ ಟೈರು. ಹೊಂದಿಸುವುದು ಮಾತ್ರ ತಂಡದ ಕೈಲಿ.

ಹುಡುಗನ ಲೆಕ್ಕಕ್ಕೆ ಬಂದರೆ ನನ್ನ ಸಾಲೇ ಬೇರೆ. ಮೊದಲ ಸ್ಥಾನ ಎಫ್‌3ಗೆ. ಹೌದು, ಎಫ್‌2ಗಿಂತ ಮೇಲೆ. ಯಾಕೆಂದರೆ ಎಫ್‌3ರಲ್ಲಿ 10 ತಂಡ, ತಂಡಕ್ಕೆ ಮೂರು ಕಾರು, ಒಟ್ಟು 30 ಹುಡುಗರು. 45 ನಿಮಿಷ ಅಭ್ಯಾಸ, ಅದಾದ ಮೇಲೆ ನೇರ ಕ್ವಾಲಿಫೈಯಿಂಗ್ (ರೇಸಿನಲ್ಲಿ ಯಾರು ಎಷ್ಟನೇ ಜಾಗದಿಂದ ಹೊರಡಬೇಕು ಅಂತ ತೀರ್ಮಾನಿಸುವ ಓಟ). ಒಂದು ಸೆಕೆಂಡಿನೊಳಗೆ ಇಪ್ಪತ್ತು ಕಾರು ನಿಲ್ಲುವುದು ಅಲ್ಲಿ ಮಾಮೂಲಿ. ಒಂದು ತಿರುವಿನಲ್ಲಿ ಸ್ವಲ್ಪ ಎಡವಿದರೆ ನಾಲ್ಕನೆಯವನು ಹದಿನಾಲ್ಕನೆಯವನಾಗುತ್ತಾನೆ. ಹೆಚ್ಚಿನವರಿಗೆ ಅದು ಮೊದಲ ವರ್ಷ ಅಥವಾ ಎರಡನೆಯದು, ಹಾಗಾಗಿ ಅನುಭವದ ಬಲದಿಂದ ಗೆಲ್ಲುವವರು ಕಮ್ಮಿ. ಅಲ್ಲಿ ಮುಂದೆ ಬಂದವನ ಕೈಯಲ್ಲಿ ಏನೋ ಇದೆ ಅಂತ ನಂಬಬಹುದು.

ಎರಡನೆಯದು ಎಫ್‌2. ಹುಡುಗ ಎಷ್ಟು ವೇಗಿ ಅನ್ನುವುದಕ್ಕಿಂತ ಎಫ್‌1ಗೆ ಎಷ್ಟು ತಯಾರಾಗಿದ್ದಾನೆ ಅನ್ನುವುದನ್ನು ಅದು ತೋರಿಸುತ್ತದೆ. ಭಾನುವಾರದ ರೇಸಿನಲ್ಲಿ ಕಡ್ಡಾಯ ಪಿಟ್ ಸ್ಟಾಪ್ (ಟೈರು ಬದಲಿಸಲು ನಡುವೆ ನಿಲ್ಲುವುದು), ಬೇಗ ಸವೆಯುವ ಪಿರೆಲ್ಲಿ ಟೈರು, ಅದನ್ನು ಕೊನೆಯವರೆಗೂ ಕಾಪಾಡುವ ಜಾಣ್ಮೆ. ಇವೆಲ್ಲ ಅಲ್ಲೇ ಕಲಿಯಬೇಕು.

ಮೂರನೆಯದು ಫಾರ್ಮುಲಾ ರೀಜನಲ್, ಅದರಲ್ಲೂ ಯುರೋಪಿನದ್ದು ಮಾತ್ರ. ಕಿಮಿ ಆಂಟೊನೆಲ್ಲಿ 2023ರಲ್ಲಿ ಅದನ್ನು ಗೆದ್ದು, ಎಫ್‌3 ಮೆಟ್ಟಿಲನ್ನೇ ಹಾರಿ ಎಫ್‌2ಗೆ ಹೋದ. ರಫಾಯೆಲ್ ಕಮಾರಾ 2024ರಲ್ಲಿ ಅಲ್ಲಿ ಗೆದ್ದು, 2025ರಲ್ಲಿ ಎಫ್‌3 ಕೂಡ ಗೆದ್ದ. ನಾಲ್ಕನೆಯದು ಇಟಲಿಯ ಎಫ್‌4. 2014ರಲ್ಲಿ ಎಫ್‌ಐಎ (ಕಾರ್ ರೇಸಿಂಗಿನ ಜಾಗತಿಕ ಆಡಳಿತ ಸಂಸ್ಥೆ) ಎಫ್‌4 ಅಂತ ಶುರು ಮಾಡಿದಾಗ ಮೊದಲು ಓಡಿದ್ದೇ ಅಲ್ಲಿ, ಮೊದಲ ಚಾಂಪಿಯನ್ ಲಾನ್ಸ್ ಸ್ಟ್ರೋಲ್. 2021ರಲ್ಲಿ ಆಲಿವರ್ ಬೇರ್ಮನ್, 2022ರಲ್ಲಿ ಆಂಟೊನೆಲ್ಲಿ. ಮೂವರೂ ಎಫ್‌1 ತಲುಪಿದರು. ಕಾರು ಎಷ್ಟೋ ಚಿಕ್ಕದಾದರೂ ಜಿಬಿ3, ಯುರೋಪಿನ ಇನ್ನೊಂದು ಸರಣಿ ಯುರೋಫಾರ್ಮುಲಾಗಳಿಗಿಂತ ಇಟಲಿಯ ಎಫ್‌4 ಪಟ್ಟಕ್ಕೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. ಎಫ್‌1 ತಂಡಗಳು ನಡೆಸುವ ದೊಡ್ಡ ಅಕಾಡೆಮಿಗಳ ಹುಡುಗರು ಇರುವುದು ಅಲ್ಲಿ.

ಉಳಿದ ದೇಶಗಳ ಎಫ್‌4 ಎಲ್ಲ ಒಂದೇ ಹೆಸರು, ಆದರೆ ಒಂದೇ ಮಟ್ಟ ಅಲ್ಲ. ಆ ವರ್ಷ ಗ್ರಿಡ್‌ನಲ್ಲಿ (ರೇಸ್ ಹೊರಡುವ ಸಾಲಿನಲ್ಲಿ) ಯಾರ್ಯಾರು ನಿಂತಿದ್ದರು ಅಂತ ನೋಡದೆ ಚಾಂಪಿಯನ್ ಅನ್ನುವ ಪದಕ್ಕೆ ಮರುಳಾಗಬೇಡಿ. ಸೂಪರ್ ಫಾರ್ಮುಲಾ ಈ ಸಾಲಿನಲ್ಲಿ ಕೂರುವುದಿಲ್ಲ, ಅದಕ್ಕೆ ಬೇರೆ ಪ್ರಶ್ನೆಯೇ ಬಂದಿದೆ, ಕೆಳಗೆ ನೋಡಿ. ಇಂಡಿ ನೆಕ್ಸ್ಟ್ ಅಮೆರಿಕದ ದೊಡ್ಡ ಸರಣಿ ಇಂಡಿಕಾರ್‌ಗೆ ಹೋಗುವ ಬಾಗಿಲು, ಎಫ್‌1ಗೆ ಅಲ್ಲ.

ಪ್ರಶ್ನೆ: ಎಫ್‌ಐಎ ಸೂಪರ್ ಲೈಸೆನ್ಸ್‌ಗೆ ಅಂಕ ಕೊಡುತ್ತದಲ್ಲ, ಆ ಪಟ್ಟಿಯೇ ಅಧಿಕೃತ ರ‍್ಯಾಂಕಿಂಗ್ ಅಲ್ವಾ? ಮತ್ತೆ ನಿಮ್ಮ ಸ್ವಂತ ಪಟ್ಟಿ ಯಾಕೆ? – ಬ್ಯಾಂಕ್ ನೌಕರರು, ಧಾರವಾಡ

ಖಾರ ಇದೆ ಪ್ರಶ್ನೆಯಲ್ಲಿ, ಇರಲಿ!

ಗೊತ್ತಿಲ್ಲದವರಿಗೆ ಮೊದಲು ವಿಷಯ ಹೇಳಿಬಿಡುತ್ತೇನೆ. ಸೂಪರ್ ಲೈಸೆನ್ಸ್ ಅಂದರೆ ಎಫ್‌1 ಓಡಿಸಲು ಬೇಕಾದ ಪರವಾನಗಿ. 2015ರಲ್ಲಿ ಮ್ಯಾಕ್ಸ್ ವರ್ಸ್ಟಾಪನ್ 17ನೇ ವಯಸ್ಸಿಗೆ ಎಫ್‌1ಗೆ ಇಳಿದ. ಕಾರ್ಟಿಂಗ್ (ಮಕ್ಕಳು ಶುರು ಮಾಡುವ ಪುಟ್ಟ ಗಾಡಿಗಳ ರೇಸಿಂಗ್) ಬಿಟ್ಟ ಮೇಲೆ ಯುರೋಪಿಯನ್ ಎಫ್‌3ರಲ್ಲಿ ಒಂದೇ ಒಂದು ಸೀಸನ್, ಅಲ್ಲೂ ಮೂರನೇ ಸ್ಥಾನ. ಇದೇನು ಮಕ್ಕಳಾಟವೇ ಅಂತ ಗದ್ದಲವಾಯಿತು. 2016ರಿಂದ ಕನಿಷ್ಠ 18 ವರ್ಷ, ಕೈಯಲ್ಲಿ ಸಾಮಾನ್ಯ ಡ್ರೈವಿಂಗ್ ಲೈಸೆನ್ಸ್, ಮೂರು ವರ್ಷದಲ್ಲಿ 40 ಅಂಕ ಅನ್ನುವ ನಿಯಮ ಬಂತು. ಎಫ್‌2ರಲ್ಲಿ ಮೊದಲ ಮೂರು ಸ್ಥಾನಕ್ಕೂ 40. ಎಫ್‌3 ಚಾಂಪಿಯನ್‌ಗೆ 30, ಯುರೋಪಿನ ರೀಜನಲ್ ಚಾಂಪಿಯನ್‌ಗೆ 25, ಎಫ್‌4 ಚಾಂಪಿಯನ್‌ಗೆ 12. ವಯಸ್ಸಿನ ವಿಷಯದಲ್ಲಿ 2024ರಲ್ಲಿ ಮತ್ತೆ ಸಡಿಲ ಬಿಟ್ಟರು, ವಿಶೇಷ ಪ್ರತಿಭೆ ಅನಿಸಿದರೆ 17ಕ್ಕೂ ಕೊಡಬಹುದು ಅಂತ. ಸುತ್ತಿ ಬಳಸಿ ವರ್ಸ್ಟಾಪನ್ ವಯಸ್ಸಿಗೇ ಬಂದು ನಿಂತರು ನೋಡಿ.

ಈಗ ನಿಮ್ಮ ಪ್ರಶ್ನೆ. ಇದು ಅಧಿಕೃತ ಪಟ್ಟಿ, ಒಪ್ಪುತ್ತೇನೆ. ಆದರೆ ಎಫ್‌ಐಎ ಒಂದು ದಾರಿ ಕಟ್ಟಿದೆ, ಎಲ್ಲರೂ ಆ ದಾರಿಯಲ್ಲೇ ಬರಲಿ ಅನ್ನುವ ಆಸೆ ಈ ಅಂಕಗಳಲ್ಲಿ ಕಾಣುತ್ತದೆ. ಕೋಲ್ಟನ್ ಹರ್ಟಾ ಕತೆ ನೋಡಿ. ಇಂಡಿಕಾರ್‌ನಲ್ಲಿ ಒಂಬತ್ತು ರೇಸ್ ಗೆದ್ದವನು. ದೊಡ್ಡವರ ಸರಣಿ ಅದು, ಅಂಡಾಕಾರದ ಟ್ರ್ಯಾಕ್‌ನಲ್ಲಿ ಗಂಟೆಗೆ 350 ಕಿಲೋಮೀಟರ್ ಮೇಲೆ ಓಡಿಸುತ್ತಾರೆ. 2023ಕ್ಕೆ ಅವನನ್ನು ತನ್ನ ಎರಡನೇ ಎಫ್‌1 ತಂಡ ಆಲ್ಫಾಟೌರಿಯ ಸೀಟಿಗೆ ಕೂರಿಸಲು ರೆಡ್ ಬುಲ್ ಓಡಾಡಿತು. ಅವನ ಹತ್ತಿರ ಇದ್ದದ್ದು 32 ಅಂಕ. ಎಫ್‌ಐಎ ಜಗ್ಗಲಿಲ್ಲ. ಸೀಟು ನಿಕ್ ಡೆ ವ್ರೀಸ್ ಪಾಲಾಯಿತು, ಹತ್ತು ರೇಸಿಗೆ ಅವನನ್ನೂ ತೆಗೆದರು. ಹರ್ಟಾ ಕೊನೆಗೆ 2026ಕ್ಕೆ ಇಂಡಿಕಾರ್ ಬಿಟ್ಟು, ತನಗಿಂತ ಐದಾರು ವರ್ಷ ಚಿಕ್ಕ ಹುಡುಗರ ಜೊತೆ ಎಫ್‌2 ಓಡಿಸಲು ಒಪ್ಪಿಕೊಂಡ. ಇಂಡಿಕಾರ್ ವಿಜೇತ ಎಫ್‌2ಗೆ ಇಳಿಯಬೇಕಾಗಿ ಬಂದದ್ದನ್ನು ನೋಡಿದ ಮೇಲೆಯೂ ಆ ಪಟ್ಟಿ ತಾಕತ್ತಿನ ಅಳತೆ ಅನ್ನುತ್ತೀರಾ?

ಇನ್ನೊಂದು ಮಾತು. ತಂಡಗಳೇ ಆ ಪಟ್ಟಿಯನ್ನು ಪಾಸಿಂಗ್ ಮಾರ್ಕ್ಸ್ ಅಂತ ಮಾತ್ರ ನೋಡುತ್ತವೆ. ಆಂಟೊನೆಲ್ಲಿ 2024ರ ಎಫ್‌2ರಲ್ಲಿ ಆರನೆಯವನು, ಸಿಕ್ಕಿದ್ದು ಮರ್ಸಿಡಿಸ್. 2025ರ ಎಫ್‌2ರಲ್ಲಿ ಆರನೇ ಸ್ಥಾನ ಪಡೆದ ಆರ್ವಿಡ್ ಲಿಂಡ್‌ಬ್ಲಾಡ್‌ಗೆ ರೇಸಿಂಗ್ ಬುಲ್ಸ್ ಸೀಟು ಸಿಕ್ಕಿತು (ಅವನ ತಾಯಿ ಭಾರತೀಯ ಮೂಲದವರು, ನಮ್ಮವರು ಅಷ್ಟಕ್ಕೇ ಕುಣಿದಾಡಿದರು, ನಾನೂ ಸೇರಿ). ಅದೇ 2025ರ ಎಫ್‌2 ಚಾಂಪಿಯನ್ ಲಿಯೊನಾರ್ಡೊ ಫೊರ್ನರೋಲಿಗೆ ಎಫ್‌1ರಲ್ಲಿ ರೇಸ್ ಸೀಟು ಇಲ್ಲ.

ಪ್ರಶ್ನೆ: ಎಫ್‌2 ಚಾಂಪಿಯನ್ ಆದರೂ ಸೀಟಿಲ್ಲ ಅಂದರೆ ಆ ಪ್ರಶಸ್ತಿಗೆ ಬೆಲೆ ಏನು? ಡ್ರುಗೊವಿಚ್ ಪಾಪ ಏನು ಮಾಡಿದ್ದ? – ಬಳ್ಳಾರಿಯ ಓದುಗ

ಏನೂ ತಪ್ಪು ಮಾಡಿರಲಿಲ್ಲ. ಗೆದ್ದಿದ್ದು ಸ್ವಲ್ಪ ತಡವಾಯಿತು ಅಷ್ಟೆ.

2017ರಿಂದ ಬಂದ ಚಾಂಪಿಯನ್‌ಗಳನ್ನು ಒಂದು ಕಡೆ ಬರೆದು ನೋಡಿ. ಚಾರ್ಲ್ಸ್ ಲೆಕ್ಲರ್ಕ್, ಜಾರ್ಜ್ ರಸೆಲ್, ಆಸ್ಕರ್ ಪಿಯಾಸ್ಟ್ರಿ, ಗೇಬ್ರಿಯಲ್ ಬೊರ್ಟೊಲೆಟೊ: ನಾಲ್ವರೂ ಎಫ್‌2ಗೆ ಬಂದ ಮೊದಲ ವರ್ಷವೇ ಗೆದ್ದವರು, ನಾಲ್ವರೂ ಎಫ್‌1ರಲ್ಲಿ ಇದ್ದಾರೆ. ಡೆ ವ್ರೀಸ್ 2019ರಲ್ಲಿ, ಫೆಲಿಪೆ ಡ್ರುಗೊವಿಚ್ 2022ರಲ್ಲಿ, ಥಿಯೋ ಪೂರ್ಶೆರ್ 2023ರಲ್ಲಿ ಗೆದ್ದದ್ದು ತಮ್ಮ ಮೂರನೇ ಪೂರ್ತಿ ಸೀಸನ್‌ನಲ್ಲಿ. ಮೂವರಲ್ಲಿ ಒಬ್ಬರಿಗೂ ಎಫ್‌1ರಲ್ಲಿ ನೆಲೆ ಸಿಗಲಿಲ್ಲ. ನಡುವೆ ಎರಡನೇ ವರ್ಷ ಗೆದ್ದ ಮಿಕ್ ಶೂಮಾಕರ್ ಹಾಸ್ ತಂಡದಲ್ಲಿ ಎರಡು ವರ್ಷ ಇದ್ದು ಹೊರಬಿದ್ದ. ಇಷ್ಟು ಚೊಕ್ಕವಾಗಿ ಹೊಂದಿಕೊಳ್ಳುವುದು ಕಂಡರೆ ನನಗೇ ಅನುಮಾನ ಬರುತ್ತದೆ, ಆದರೆ ಕಾರಣ ಇದೆ. ಎಫ್‌2ರಲ್ಲಿ ಟೈರಿನ ಗುಟ್ಟು ತಿಳಿಯಲು ಒಂದು ವರ್ಷ ಬೇಕು. ಅದು ತಿಳಿದವನು ಮೂರನೇ ವರ್ಷ ಮುಂದೆ ಇರುವುದು ದೊಡ್ಡ ವಿಷಯ ಅಲ್ಲ, ತಿಳಿಯದೆಯೂ ಮುಂದೆ ಬಂದವನು ದೊಡ್ಡವನು.

ಫೊರ್ನರೋಲಿ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. 2024ರಲ್ಲಿ ಒಂದೇ ಒಂದು ರೇಸ್ ಗೆಲ್ಲದೆ ಎಫ್‌3 ಚಾಂಪಿಯನ್ ಆದ ಪುಣ್ಯಾತ್ಮ ಅವನು. ಮೊಂಜಾದ ಕೊನೆ ರೇಸಿನ ಕೊನೆ ತಿರುವಿನಲ್ಲಿ ಒಬ್ಬನನ್ನು ಹಿಂದೆ ಹಾಕಿ ಪಟ್ಟ ಕಿತ್ತುಕೊಂಡ. ಮುಂದಿನ ವರ್ಷವೇ ಎಫ್‌2 ಕೂಡ ಗೆದ್ದ. ಆದರೆ ಅಷ್ಟು ವರ್ಷ ಯಾವ ಎಫ್‌1 ತಂಡದ ಅಕಾಡೆಮಿಯೂ ಅವನ ಬೆನ್ನಿಗೆ ಇರಲಿಲ್ಲ, ಹಾಗಾಗಿ ಸೀಟು ಖಾಲಿಯಾಗುವಾಗ ಅವನಿಗಾಗಿ ಮಾತಾಡುವವರು ಒಳಗೆ ಇರಲಿಲ್ಲ. ಇನ್ನೊಂದು ಕಿರಿಕಿರಿ ಏನೆಂದರೆ, ಎಫ್‌2 ಗೆದ್ದವನು ಮತ್ತೆ ಎಫ್‌2 ಓಡಿಸುವಂತಿಲ್ಲ. ಪಿಯಾಸ್ಟ್ರಿ ಕೂಡ 2019, 2020, 2021 ಸತತ ಮೂರು ಸರಣಿ ಗೆದ್ದು, 2022 ಪೂರ್ತಿ ರೇಸ್ ಓಡಿಸದೆ ಎಫ್‌1 ತಂಡ ಆಲ್ಪೀನ್‌ನ ಗ್ಯಾರೇಜಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ನಿಂತಿದ್ದ.

ಪ್ರಶ್ನೆ: ಸೂಪರ್ ಫಾರ್ಮುಲಾ ಕಾರು ಎಫ್‌2ಗಿಂತ ವೇಗ ಅಂತಾರೆ. ಹಾಗಾದರೆ ಅದು ಮೇಲಿನ ಮೆಟ್ಟಿಲು ತಾನೇ? – ಎಂಜಿನಿಯರಿಂಗ್ ವಿದ್ಯಾರ್ಥಿ, ಮಂಗಳೂರು

ವೇಗ ಹೌದು. ಎಂಜಿನ್ ಚಿಕ್ಕದು, 2 ಲೀಟರಿನ ನಾಲ್ಕು ಸಿಲಿಂಡರ್ ಟರ್ಬೊ, ಹೋಂಡಾ ಇಲ್ಲವೇ ಟೊಯೊಟಾ. ಆದರೆ ಕಾರು ಹಗುರ, ಗಾಳಿ ಅದನ್ನು ನೆಲಕ್ಕೆ ಒತ್ತುವ ಬಲ ಜಾಸ್ತಿ, ತಿರುವುಗಳಲ್ಲಿ ಎಫ್‌2 ಅದರ ಹತ್ತಿರವೂ ಬರುವುದಿಲ್ಲ. ಎಫ್‌1 ಬಿಟ್ಟರೆ ತಿರುವಿನಲ್ಲಿ ಅಷ್ಟು ವೇಗದ ಸಿಂಗಲ್ ಸೀಟರ್ ಸಿಗುವುದು ಕಷ್ಟ.

ಮೆಟ್ಟಿಲು ಅನ್ನುವುದು ಮಾತ್ರ ತಪ್ಪು. ಅಲ್ಲಿ ಓಡಿಸುವ ಎಷ್ಟೋ ಜನ ಮೂವತ್ತು ದಾಟಿದ ವೃತ್ತಿಪರರು, ಅದೇ ಅವರ ಕೆಲಸ. ಎಲ್ಲಿಗೋ ಹೋಗುವ ದಾರಿಯಲ್ಲಿ ನಿಂತವರಲ್ಲ. 2023ರಲ್ಲಿ ನಡೆದದ್ದು ಕೇಳಿ. ಲಿಯಮ್ ಲಾಸನ್ ಎಫ್‌2ರಲ್ಲಿ ಮೂರನೆಯವನಾಗಿ ಅಲ್ಲಿಗೆ ಹೋದ, ಫುಜಿಯಲ್ಲಿ ಮೊದಲ ರೇಸೇ ಗೆದ್ದ, ವರ್ಷದ ಕೊನೆಗೆ ಎರಡನೇ ಸ್ಥಾನ. ಅದೇ ವರ್ಷ ನಡುವೆ ಡೇನಿಯಲ್ ರಿಕಾರ್ಡೊ ಕೈ ಮುರಿದುಕೊಂಡಾಗ ಲಾಸನ್ ಆಲ್ಫಾಟೌರಿಯಲ್ಲಿ ಐದು ರೇಸ್ ಓಡಿಸಿದ, ಸಿಂಗಾಪುರದಲ್ಲಿ ಒಂಬತ್ತನೆಯವನಾದ. ಸೂಪರ್ ಫಾರ್ಮುಲಾದಲ್ಲಿ ಅವನನ್ನು ಸೋಲಿಸಿ ಚಾಂಪಿಯನ್ ಆದವನು ರಿತೊಮೊ ಮಿಯಾಟಾ. ಮಿಯಾಟಾ 2024ರಲ್ಲಿ ಎಫ್‌2ಗೆ ಬಂದ. ಗೊತ್ತಿಲ್ಲದ ಟ್ರ್ಯಾಕು, ಗೊತ್ತಿಲ್ಲದ ಪಿರೆಲ್ಲಿ ಟೈರು, ಅಭ್ಯಾಸಕ್ಕೆ ಮುಕ್ಕಾಲು ಗಂಟೆ. ಮೊದಲ ಹತ್ತರಲ್ಲೂ ಬರಲಿಲ್ಲ. ಅಂದರೆ ಮಿಯಾಟಾ ದಡ್ಡನೇ? ಅಲ್ಲ. ಎರಡು ಬೇರೆ ಬೇರೆ ಪರೀಕ್ಷೆ, ಒಂದರ ಅಂಕ ಇನ್ನೊಂದರಲ್ಲಿ ಕೆಲಸಕ್ಕೆ ಬರುವುದಿಲ್ಲ. ಎಫ್‌2 ಮುಗಿಸಿ ಸೀಟಿಗೆ ಕಾಯುವವನಿಗೆ ಜಪಾನ್ ಒಳ್ಳೆಯ ಜಾಗ. ಪಿಯೆರ್ ಗ್ಯಾಸ್ಲಿ 2017ರಲ್ಲಿ ಅದನ್ನೇ ಮಾಡಿದ. ಚಂಡಮಾರುತದಿಂದ ಸುಜುಕಾದ ಕೊನೆ ರೇಸ್ ರದ್ದಾಗಿ ಅರ್ಧ ಅಂಕಕ್ಕೆ ಪ್ರಶಸ್ತಿ ತಪ್ಪಿತು, ಆದರೆ ಅಷ್ಟರಲ್ಲೇ ಎಫ್‌1 ತಲುಪಿದ್ದ.

ಪ್ರಶ್ನೆ: ನಮ್ಮ ಕುಶ್ ಮೈನಿ ಮೊನಾಕೊದಲ್ಲಿ ಎಫ್‌2 ರೇಸ್ ಗೆದ್ದರು. ಆದರೂ ಎಫ್‌1 ಸೀಟಿನ ಮಾತೇ ಇಲ್ಲ. ಭಾರತೀಯ ಅನ್ನುವ ಕಾರಣಕ್ಕಾ? – ಗೃಹಿಣಿ, ಜಯನಗರ, ಬೆಂಗಳೂರು

ಅಲ್ಲ ಮೇಡಂ. ನಿಮ್ಮ ಬೇಸರ ಅರ್ಥವಾಗುತ್ತದೆ, ಬೆಂಗಳೂರಿನ ಹುಡುಗ ಮೊನಾಕೊದಲ್ಲಿ ರಾಷ್ಟ್ರಗೀತೆ ಹಾಡಿಸಿದ ಮೊದಲ ಭಾರತೀಯ ಅಂದರೆ ಸಣ್ಣ ಮಾತಲ್ಲ. ಆದರೆ 2025ರ ಆ ಗೆಲುವು ಶನಿವಾರದ ಸ್ಪ್ರಿಂಟ್ ರೇಸಿನದ್ದು. ಸ್ಪ್ರಿಂಟ್‌ನಲ್ಲಿ ಕ್ವಾಲಿಫೈಯಿಂಗ್‌ನ ಮೊದಲ ಹತ್ತು ಜನರನ್ನು ಉಲ್ಟಾ ನಿಲ್ಲಿಸುತ್ತಾರೆ. ಹತ್ತನೆಯವನಿಗೆ ಮುಂದಿನ ಜಾಗ. ಮೊನಾಕೊದಲ್ಲಿ ಹಿಂದಿನಿಂದ ಹಾಯುವುದು ಹೆಚ್ಚುಕಡಿಮೆ ಅಸಾಧ್ಯ. ಒತ್ತಡದಲ್ಲಿ ತಪ್ಪದೆ ಓಡಿಸಿದ್ದಕ್ಕೆ ಕುಶ್‌ಗೆ ಪೂರ್ತಿ ಶಭಾಷ್. ತಂಡದ ಮಾಲೀಕರು ಮಾತ್ರ ಭಾನುವಾರದ ಫೀಚರ್ ರೇಸ್ ಮತ್ತು ಕ್ವಾಲಿಫೈಯಿಂಗ್ ನೋಡುತ್ತಾರೆ.

ಅದಕ್ಕಿಂತ ಗಟ್ಟಿ ಅಳತೆ ಜೊತೆಗಾರ. 2024ರಲ್ಲಿ ಇನ್ವಿಕ್ಟಾ ತಂಡದಲ್ಲಿ ಕುಶ್ ಪಕ್ಕದ ಕಾರಿನಲ್ಲಿ ಇದ್ದವನು ಬೊರ್ಟೊಲೆಟೊ. ಅದೇ ಕಾರು, ಅದೇ ಗ್ಯಾರೇಜು. ಅವನು ಚಾಂಪಿಯನ್, ಕುಶ್ ಮೊದಲ ಹತ್ತರ ಹೊರಗೆ. ಅಲ್ಲಿ ಹತ್ತರ ಹೊರಗೆ ಅಂದರೆ ಸೂಪರ್ ಲೈಸೆನ್ಸ್ ಅಂಕ ಸೊನ್ನೆ. ಆಲ್ಪೀನ್ ಜೊತೆ ಪರೀಕ್ಷಾ ಚಾಲಕನಾಗಿ ಎಫ್‌1 ಕಾರು ಓಡಿಸಿದ ಅನುಭವ ಅವರಿಗಿದೆ, ಆದರೆ ಅದು ರೇಸ್ ಸೀಟಿಗೆ ಟಿಕೆಟ್ ಅಲ್ಲ. ನಾರಾಯಣ್ ಕಾರ್ತಿಕೇಯನ್ 2005ರಲ್ಲಿ, ಕರುಣ್ ಚಂದೋಕ್ 2010ರಲ್ಲಿ ಎಫ್‌1ಗೆ ಹೋದಾಗ ಈ 40 ಅಂಕದ ಗೋಡೆ ಇರಲಿಲ್ಲ.

ಪ್ರಶ್ನೆ: ನಾನು ಕಂಪ್ಯೂಟರ್ ರೇಸಿಂಗ್ ಆಟದಲ್ಲಿ ತುಂಬಾ ಫಾಸ್ಟ್. ನೇರ ಎಫ್‌3 ಆಗುತ್ತಾ? – ಪಿಯುಸಿ, ದಾವಣಗೆರೆ

ಆಗಲ್ಲ. ಪರೀಕ್ಷೆಗೆ ಓದಿಕೊಳ್ಳಿ.

ಪ್ರಶ್ನೆ: ಹುಡುಗಿಯರಿಗೆ ಎಫ್‌1 ಅಕಾಡೆಮಿ ಇದೆಯಲ್ಲ, ಅದನ್ನು ಎಲ್ಲಿ ಇಡುತ್ತೀರಿ? – ಒಂಬತ್ತನೇ ತರಗತಿ ವಿದ್ಯಾರ್ಥಿನಿ, ಉಡುಪಿ

ಎಫ್‌4 ಸಾಲಿನಲ್ಲಿ, ಪುಟ್ಟಿ. ಕಾರು ಅದೇ ಎಫ್‌4 ಕಾರು. 2023ರಲ್ಲಿ ಶುರುವಾಯಿತು. ಮಾರ್ತಾ ಗಾರ್ಸಿಯಾ, ಆಬಿ ಪುಲಿಂಗ್, ಡೊರಿಯಾನ್ ಪಿನ್ ಇಲ್ಲಿಯವರೆಗಿನ ಚಾಂಪಿಯನ್ನರು. ಎಫ್‌1 ವಾರಾಂತ್ಯಗಳಲ್ಲೇ ಓಡುತ್ತಾರೆ, ಎಫ್‌1 ತಂಡಗಳ ಬಣ್ಣದ ಕಾರು, ಟಿವಿಯಲ್ಲಿ ಬರುತ್ತದೆ. ದುಡ್ಡು ಹಾಕುವವರ ಕಣ್ಣಿಗೆ ಬೀಳಲು ಇದಕ್ಕಿಂತ ಒಳ್ಳೆಯ ಜಾಗ ಆ ವಯಸ್ಸಿಗೆ ಇಲ್ಲ. ಆದರೆ ಒಬ್ಬರಿಗೆ ಎರಡೇ ವರ್ಷ ಅವಕಾಶ, ಆಮೇಲೆ ಎಲ್ಲಿಗೆ ಅನ್ನುವುದೇ ತಲೆನೋವು. ಪುಲಿಂಗ್ ಪ್ರಶಸ್ತಿಯ ಜೊತೆ ಸಿಕ್ಕ ಸೀಟಿನಲ್ಲಿ ಜಿಬಿ3ಗೆ ಹೋದಳು. ನನ್ನ ಮಟ್ಟಿಗೆ ಅವಳ ದೊಡ್ಡ ಸಾಧನೆ ಅಕಾಡೆಮಿ ಪಟ್ಟಕ್ಕಿಂತ 2024ರಲ್ಲಿ ಬ್ರಾಂಡ್ಸ್ ಹ್ಯಾಚ್‌ನಲ್ಲಿ ಗೆದ್ದ ಬ್ರಿಟಿಷ್ ಎಫ್‌4 ರೇಸು. ಆ ಸರಣಿಯಲ್ಲಿ ಗೆದ್ದ ಮೊದಲ ಹೆಣ್ಣುಮಗಳು ಅವಳು, ಮತ್ತು ಅಲ್ಲಿ ಗ್ರಿಡ್ ತುಂಬಾ ಹುಡುಗರೇ ಇದ್ದರು.

ಪ್ರಶ್ನೆ: ಮಗನಿಗೆ 12 ವರ್ಷ. ಬೆಂಗಳೂರಿನಲ್ಲೇ ಕಾರ್ಟಿಂಗ್ ಓಡಿಸುತ್ತಾನೆ, ಚೆನ್ನಾಗಿಯೇ ಓಡಿಸುತ್ತಾನೆ. 15 ಆದ ತಕ್ಷಣ ಭಾರತದ ಎಫ್‌4 ಮಾಡಿಸಲೇ, ಸಾಲ ಮಾಡಿ ಯುರೋಪಿಗೆ ಕಳಿಸಲೇ? – ವ್ಯಾಪಾರಿ, ಬೆಂಗಳೂರು

ಸಾಲ ಬೇಡ ಸರ್. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಯುರೋಪಿನಲ್ಲಿ ಎಫ್‌4 ಒಂದು ಸೀಸನ್ ಅಂದರೇನೇ ಕೋಟಿಗಳ ಲೆಕ್ಕ, ಎಫ್‌2ಗೆ ಹೋಗುವಷ್ಟರಲ್ಲಿ ವರ್ಷಕ್ಕೆ 20 ಕೋಟಿಯ ಆಸುಪಾಸು. ಗೆದ್ದರೆ ದುಡ್ಡು ತಾನಾಗಿ ಬರುತ್ತದೆ ಅಂತ ಯಾರಾದರೂ ಹೇಳಿದರೆ ಜಿಯಾನ್‌ಲೂಕಾ ಪೆಟೆಕೊಫ್ ಹೆಸರು ಹೇಳಿ. ಬ್ರೆಜಿಲ್ ಹುಡುಗ, 2020ರ ಯುರೋಪಿಯನ್ ಫಾರ್ಮುಲಾ ರೀಜನಲ್ ಚಾಂಪಿಯನ್. ಆ ಪಟ್ಟಿಯಲ್ಲಿ ಅವನ ಹಿಂದೆ ಇದ್ದವನು ಲೆಕ್ಲರ್ಕ್ ತಮ್ಮ ಆರ್ಥರ್. 2021ರಲ್ಲಿ ಪೆಟೆಕೊಫ್ ಎಫ್‌2ಗೆ ಬಂದ, ಕೆಲವೇ ರೇಸ್ ವಾರಾಂತ್ಯಗಳಲ್ಲಿ ದುಡ್ಡು ಮುಗಿದು ಸೀಟು ಬಿಟ್ಟ.

ಭಾರತದ ಎಫ್‌4 2023ರಲ್ಲಿ ಶುರುವಾಯಿತು. 2024ರಲ್ಲಿ ಚೆನ್ನೈನ ರಸ್ತೆಗಳಲ್ಲಿ ರಾತ್ರಿ ದೀಪದ ಬೆಳಕಿನಲ್ಲಿ ಓಡಿಸಿದರು, ನೋಡಲು ಸೊಗಸಾಗಿತ್ತು. ಕಾರು ಕಲಿಯಲು, ಗೇರು, ಬ್ರೇಕು, ಸ್ಲಿಕ್ (ಗೆರೆಯಿಲ್ಲದ) ಟೈರು ಅಭ್ಯಾಸವಾಗಲು ಅದು ಸಾಕು, ಮನೆಗೂ ಹತ್ತಿರ. ಆದರೆ ಮಗ ಅಲ್ಲಿ ಗೆದ್ದರೆ ಅಂಕಗಳಿಗೆ ಮಾತ್ರ ಖುಷಿಪಡಿ, ವೇಗದ ಬಗ್ಗೆ ಇನ್ನೂ ಏನೂ ಗೊತ್ತಾಗಿಲ್ಲ ಅಂದುಕೊಳ್ಳಿ. ಗ್ರಿಡ್ ಚಿಕ್ಕದು. ಚಳಿಗಾಲದಲ್ಲಿ ಕೊಲ್ಲಿ ದೇಶಗಳಲ್ಲಿ ನಡೆಯುವ ಎಫ್‌4 ಸರಣಿ ಒಳ್ಳೆಯ ತಕ್ಕಡಿ. ಇಟಲಿ, ಬ್ರಿಟನ್ ಹುಡುಗರು ಅಭ್ಯಾಸಕ್ಕೆ ಅಲ್ಲಿಗೇ ಬರುತ್ತಾರೆ, ಸೀಸನ್ ಚಿಕ್ಕದು, ಖರ್ಚು ಕಡಿಮೆ. ಕ್ವಾಲಿಫೈಯಿಂಗ್‌ನಲ್ಲಿ ಮುಂದಿನವನಿಗೂ ಮಗನಿಗೂ ಎಷ್ಟು ಸೆಕೆಂಡು ಅಂತರ ಅಂತ ಮಾತ್ರ ನೋಡಿ. ಸ್ಥಾನ ನೋಡಬೇಡಿ, ಟ್ರೋಫಿ ಫೋಟೋ ಅಂತೂ ಬೇಡವೇ ಬೇಡ. ಅದೇ ತಂಡದ ಇನ್ನೊಬ್ಬ ಹುಡುಗನಿಗಿಂತ ಸುತ್ತಿಗೆ ಅರ್ಧ ಸೆಕೆಂಡಿಗಿಂತ ಜಾಸ್ತಿ ಹಿಂದೆ ಇದ್ದು, ಎರಡನೇ ಚಳಿಗಾಲಕ್ಕೂ ಅದು ಕಮ್ಮಿಯಾಗದಿದ್ದರೆ ಅಲ್ಲಿಗೆ ನಿಲ್ಲಿಸಿ.

ಈಗಿನ ಮೂರು ವರ್ಷ ಕಾರ್ಟಿಂಗ್‌ಗೇ ಹಾಕಿ. ಸಾಧ್ಯವಾದರೆ ವರ್ಷಕ್ಕೆ ಒಂದೆರಡು ಸಲ ಯುರೋಪಿನ ಕಾರ್ಟಿಂಗ್ ರೇಸ್. ಎಫ್‌4 ಖರ್ಚಿನ ಚೂರು ಪಾಲಿಗೆ ಅದೇ ಉತ್ತರ ಸಿಗುತ್ತದೆ.

ಪ್ರಶ್ನೆ: ಇಷ್ಟೆಲ್ಲ ನೋಡೋಕೆ ಟೈಮ್ ಇಲ್ಲ ಸಾರ್. ಒಂದೇ ಸರಣಿ ನೋಡಬೇಕಾದರೆ? – ಕ್ಯಾಬ್ ಚಾಲಕ, ಮೈಸೂರು

ಎಫ್‌3. ಅದರಲ್ಲೂ ಶುಕ್ರವಾರದ ಕ್ವಾಲಿಫೈಯಿಂಗ್, ಅರ್ಧ ಗಂಟೆಯಷ್ಟೇ, ಎರಡು ಟ್ರಿಪ್ ನಡುವೆ ಮುಗಿಯುತ್ತದೆ. ಮೊದಲ ವರ್ಷದ ಹುಡುಗ ಯಾರಾದರೂ ಮೇಲಿಂದ ಮೇಲೆ ಮೊದಲ ಐದರಲ್ಲಿ ಕಂಡರೆ ಹೆಸರು ಬರೆದಿಟ್ಟುಕೊಳ್ಳಿ. ಭಾನುವಾರದ ರೇಸ್ ಗೆದ್ದವನು ಯಾರು ಅಂತ ಸೋಮವಾರ ಪೇಪರ್‌ನಲ್ಲಿ ಹುಡುಕಬೇಡಿ, ಅದು ಅಲ್ಲಿ ಬರುವುದಿಲ್ಲ.